ಪೈಪ್ ಬಂತು, ನೀರು ಓಡಿಸುವ ದುಡ್ಡು ಎಲ್ಲಿ?

ಈ ತಿಂಗಳ ಅಂಚೆಯಲ್ಲಿ ನೀರು, ಶೌಚಾಲಯ, ಪಂಚಾಯಿತಿ ಲೆಕ್ಕ ಇವುಗಳ ಬಗ್ಗೆಯೇ ಪತ್ರ ಜಾಸ್ತಿ. ಮಳೆ ಬಿಟ್ಟು ಅಂಗಳ ಇನ್ನೂ ಸರಿಯಾಗಿ ಒಣಗಿಲ್ಲ, ಆಗಲೇ ಬೇಸಿಗೆಯ ಚಿಂತೆ ಶುರುವಾಗಿದೆ. ಒಳ್ಳೆಯದೇ ಆಯಿತು. ಏಪ್ರಿಲ್‌ನಲ್ಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತರೆ ಸಿಗುವುದು ಟ್ಯಾಂಕರ್ ನೀರು ಮಾತ್ರ. ಪಂಚಾಯಿತಿ ಮುಂದಿನ ವರ್ಷ ಮಾಡುವ ಕೆಲಸಗಳ ಪಟ್ಟಿ, ಅಂದರೆ ಕ್ರಿಯಾಯೋಜನೆ, ತಯಾರಾಗುವುದು ಈಗ. ಕೇಳುವುದಿದ್ದರೆ ಈಗಲೇ ಕೇಳಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ತೀರ್ಥಹಳ್ಳಿ ತಾಲ್ಲೂಕಿನ ಪಂಚಾಯಿತಿಯೊಂದರಲ್ಲಿ ಮೊದಲು ಸದಸ್ಯೆ, ಆಮೇಲೆ ಅಧ್ಯಕ್ಷೆ ಆಗಿದ್ದವಳು. ಕಚೇರಿಯ ಕಡತವನ್ನೂ ಪಂಪ್‌ಹೌಸಿನ ಸ್ಟಾರ್ಟರನ್ನೂ ಹತ್ತಿರದಿಂದ ನೋಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಊರಲ್ಲಿ ಗುಡ್ಡದ ಬದಿಗೆ, ತೋಟದ ತಲೆಗೆ ಒಂದೊಂದೇ ಮನೆ. ಜಲಜೀವನದವರು ಬಂದು ಮನೆ ಮುಂದೆ ನಲ್ಲಿ ನಿಲ್ಲಿಸಿ, ಮೀಟರ್ ಕೂರಿಸಿ, ಫೋಟೊ ಹೊಡೆದುಕೊಂಡು ಹೋದರು. ಮೊದಲಿಗೆ ನೀರು ಚೆನ್ನಾಗಿ ಬಂತು. ಈಗ ವಾರಕ್ಕೆ ಒಂದು ದಿನ ಬಂದರೆ ಹೆಚ್ಚು. ಪಂಚಾಯಿತಿಯಲ್ಲಿ ಕೇಳಿದರೆ ದುಡ್ಡಿಲ್ಲ ಅಂತಾರೆ. ಪೇಪರ್ ನೋಡಿದರೆ ಸಾವಿರಾರು ಕೋಟಿ. ಆ ದುಡ್ಡು ಎಲ್ಲಿಗೆ ಹೋಗುತ್ತೆ?
(ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು)

ಉತ್ತರ: ತಮ್ಮಾ, ಪೇಪರಿನಲ್ಲಿ ಬಂದದ್ದೂ ಸುಳ್ಳಲ್ಲ, ಪಂಚಾಯಿತಿಯವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಕೋಟಿ ಬಂದದ್ದು ಪೈಪ್ ಹಾಕುವುದಕ್ಕೆ. ಪಂಚಾಯಿತಿ ಹತ್ತಿರ ಇಲ್ಲದಿರುವುದು ಆ ಪೈಪಿನಲ್ಲಿ ನೀರು ಓಡಿಸುವ ದುಡ್ಡು. ಹಸು ಕೊಡಿಸಿ, ಹುಲ್ಲು ಹಿಂಡಿ ನೀವೇ ನೋಡಿಕೊಳ್ಳಿ ಅಂದ ಹಾಗಾಗಿದೆ.

ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ ಜಲಜೀವನ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ಆಗ ಅದು ಒಟ್ಟು 3.60 ಲಕ್ಷ ಕೋಟಿ ರೂಪಾಯಿಯ ಯೋಜನೆ. ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಹೆಸರಿಟ್ಟರು. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುವುದು ಗುರಿ. ಐದು ಜನರ ಮನೆಗೆ 275 ಲೀಟರ್ ಆಯಿತು. ಟೆಂಡರ್ ಇಲಾಖೆಯದು, ಅಗೆಯುವುದು ಗುತ್ತಿಗೆದಾರರು. ಕೆಲಸ ಮುಗಿದ ಮೇಲೆ ಸಹಿ ಹಾಕಿಸಿ ಪಂಚಾಯಿತಿಗೆ ಹಸ್ತಾಂತರ. ಅಲ್ಲಿಂದ ಮುಂದಿನ ಖರ್ಚೆಲ್ಲ ಪಂಚಾಯಿತಿಯ ತಲೆ ಮೇಲೆ.

ಆ ಖರ್ಚು ಎಂಥದ್ದು ಅಂತ ನೋಡಿ. 5 ಎಚ್‌ಪಿ ಮೋಟರ್ ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 670 ಯೂನಿಟ್ ಆಸುಪಾಸು ಕರೆಂಟ್ ಬೇಕು. ಅಂಥ ಮೋಟರ್ ಕೇರಿಗೊಂದು ಇರುತ್ತೆ. ಮಾರ್ಚ್ ದಾಟಿತು ಅಂದರೆ ಎಲ್ಲರ ತೋಟದ ಪಂಪೂ ಒಟ್ಟಿಗೇ ಓಡಿ ವೋಲ್ಟೇಜ್ ಇಳಿಯುತ್ತೆ. ಮೋಟರ್ ಗುಂಯ್ ಅಂತ ಮುಲುಗುತ್ತೆ, ನೀರು ಎತ್ತುವುದಿಲ್ಲ. ನೀರುಗಂಟಿ ಓಡಿ ಬಂದು ಸ್ಟಾರ್ಟರ್ ಆಫ್ ಮಾಡುವಷ್ಟರಲ್ಲಿ ಕಾಯಿಲ್ ಸುಟ್ಟಿರುತ್ತೆ. ಬೋರಿನಿಂದ ಮೋಟರ್ ಎತ್ತಲು ಜನ ಬೇಕು. ಪೇಟೆಗೆ ಸಾಗಿಸಲು ಜೀಪು ಬೇಕು. ರೀವೈಂಡಿಂಗ್ ಅಂಗಡಿಯಲ್ಲಿ ಆ ತಿಂಗಳು ಮೋಟರ್‌ಗಳ ಸಾಲೇ ಇರುತ್ತೆ. ಮತ್ತೆ ತಂದು ಇಳಿಸಬೇಕು. ಅಷ್ಟು ದಿನ ಆ ಕೇರಿಗೆ ನೀರಿಲ್ಲ. ಇದಕ್ಕೆಲ್ಲ ದುಡ್ಡು ಅದೇ ದಿನ ಕೈಯಲ್ಲಿ ಬೇಕು. ಕ್ರಿಯಾಯೋಜನೆ ಮಾಡುವಾಗ ಈ ಖರ್ಚನ್ನು ಬಹಳ ಕಡೆ ಬರೆದೇ ಇರುವುದಿಲ್ಲ. ಕಾಡುಹಂದಿ ಕೆದಕಿ ಪೈಪ್ ಒಡೆಯುವುದು, ರಸ್ತೆ ಅಗಲ ಮಾಡುವ ಜೆಸಿಬಿ ಪೈಪನ್ನೇ ಎತ್ತಿಹಾಕುವುದು ಬೇರೆ.

ಈಗ ಆದಾಯಕ್ಕೆ ಬನ್ನಿ. ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೆ, ಪಂಚಾಯಿತಿಗಳಿಗೆ ಹೇಗೆ ಹಂಚಬೇಕು ಅಂತ ಹೇಳುವುದು ಹಣಕಾಸು ಆಯೋಗ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಇಡೀ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಶೇ 60 ‘ಟೈಡ್’ ಹಣವಾಗಿತ್ತು. ಅಂದರೆ ನೀರಿಗೆ, ನೈರ್ಮಲ್ಯಕ್ಕೆ ಬಿಟ್ಟು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ‘ಅನ್‌ಟೈಡ್’, ಊರಿನ ಬೇರೆ ಅಗತ್ಯಗಳಿಗೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ನೀರಿಗೆ ಅಂತ ಬೇಲಿ ಹಾಕದಿದ್ದರೆ ಬಂದ ಹಣವೆಲ್ಲ ಕಾಂಕ್ರೀಟ್ ರಸ್ತೆಗೇ ಹೋಗುತ್ತೆ.

ಟೈಡ್ ಹಣದಲ್ಲಿ ರಿಪೇರಿ, ನಿರ್ವಹಣೆ ಮಾಡಬಹುದು, ತಡೆ ಇಲ್ಲ. ಆದರೂ ಕ್ರಿಯಾಯೋಜನೆ ತೆಗೆದು ನೋಡಿ. ಹೊಸ ಪೈಪ್‌ಲೈನ್, ಹೊಸ ಟ್ಯಾಂಕ್, ಹೊಸ ಬೋರು. ಹೊಸ ಕೆಲಸ ಕಣ್ಣಿಗೆ ಕಾಣುತ್ತೆ, ವಾಲ್ ರಿಪೇರಿ ಕಾಣುವುದಿಲ್ಲ. ಪ್ರತಿ ಸದಸ್ಯರಿಗೂ ತನ್ನ ವಾರ್ಡಿಗೆ ಒಂದು ಕೆಲಸ ಬೇಕು. ಹಾಗೆ ಹಂಚಿ ಮುಗಿದ ಮೇಲೆ ಮೋಟರ್ ರಿಪೇರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಹಣ ಬರುವುದೂ ವರ್ಷಕ್ಕೆ ಎರಡು ಕಂತಿನಲ್ಲಿ. ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನವೊಂದಿದೆ, ಅದರಲ್ಲಿ ದೊಡ್ಡ ಪಾಲನ್ನು ಕರೆಂಟ್ ಬಿಲ್ಲೇ ನುಂಗುತ್ತೆ. ಕೊನೆಗೆ ಉಳಿಯುವುದು ನಮ್ಮ ಮನೆ ಕಂದಾಯ ಮತ್ತು ನೀರಿನ ಕರ.

ಮಲೆನಾಡಿಗೆ ಇದರ ಮೇಲೆ ಇನ್ನೊಂದು ಪೆಟ್ಟು. ದುಡ್ಡು ತಲೆ ಲೆಕ್ಕದಲ್ಲಿ ಬರುತ್ತೆ, ಪೈಪ್ ಮಾತ್ರ ದೂರದ ಲೆಕ್ಕದಲ್ಲಿ ಹೋಗುತ್ತೆ. 15ನೇ ಆಯೋಗ ರಾಜ್ಯಗಳಿಗೆ ಈ ಹಣ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತು. ಸ್ವಚ್ಛ ಭಾರತದ ಎರಡನೇ ಹಂತದಲ್ಲೂ ಹಾಗೇ. 5,000 ಜನಸಂಖ್ಯೆವರೆಗಿನ ಹಳ್ಳಿಗೆ ಕಸದ ನಿರ್ವಹಣೆಗೆ ತಲೆಗೆ 60 ರೂಪಾಯಿ, ಬಚ್ಚಲು ನೀರಿನ ನಿರ್ವಹಣೆಗೆ ತಲೆಗೆ 280 ರೂಪಾಯಿ. ನಿಮ್ಮ ಊರಲ್ಲಿ 40 ಮನೆ, 200 ಜನ ಅಂತ ಇಟ್ಟುಕೊಳ್ಳಿ. ಬಚ್ಚಲು ನೀರಿಗೆ 56,000 ಆಯಿತು. ಬಯಲುಸೀಮೆಯಲ್ಲಿ 200 ಜನ ಒಂದೇ ಬೀದಿಯಲ್ಲಿ ಇರುತ್ತಾರೆ, ಒಂದು ಚರಂಡಿ ಸಾಕು. ನಮ್ಮಲ್ಲಿ ಅದೇ 200 ಜನ ಮೂರು ಗುಡ್ಡ, ಎರಡು ಹಳ್ಳದ ಆಚೆ ಈಚೆ. ಮೇಲಿನ ಮನೆಗೆ ನೀರು ಹತ್ತಿಸಲು ಪ್ರೆಶರ್ ಕೊಟ್ಟರೆ ಕೆಳಗಿನ ಮನೆಯ ಹತ್ತಿರ ಜಾಯಿಂಟ್ ಬಿಟ್ಟುಕೊಳ್ಳುತ್ತೆ. ಒಬ್ಬ ನೀರುಗಂಟಿ ಈ ವಾಲ್ ತಿರುಗಿಸಿ ಆ ವಾಲ್ ಹತ್ತಿರ ಹೋಗುವಷ್ಟರಲ್ಲಿ ಮಧ್ಯಾಹ್ನ. ಚದುರಿದ ಮನೆಗಳ ಊರಿಗೆ ನಿರ್ವಹಣೆಯ ಹಣವನ್ನು ಪೈಪಿನ ಉದ್ದ, ಏರು ತಗ್ಗು ನೋಡಿ ಕೊಡಬೇಕು. ಇದನ್ನು ನಾನು ಅಧ್ಯಕ್ಷೆ ಆಗಿದ್ದಾಗಿಂದ ಹೇಳುತ್ತಿದ್ದೇನೆ, ಈಗಲೂ ಹೇಳುತ್ತೇನೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಆಯೋಗದ ಸೂತ್ರ ಏನೇ ಇರಲಿ, ರಾಜ್ಯದೊಳಗೆ ಹಂಚುವಾಗ ಮಲೆನಾಡಿನ ಲೆಕ್ಕ ಬೇರೆ ಇರಬೇಕು ಅಂತ ಗ್ರಾಮಸಭೆಗಳು ನಿರ್ಣಯ ಮಾಡಿ ಕಳಿಸಬೇಕು.

ನೀವು ಈಗ ಮಾಡಬಹುದಾದ್ದು ಇಷ್ಟು. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು, ಟೈಡ್ ಹಣದಲ್ಲಿ ಮೋಟರ್, ವಾಲ್, ಪೈಪ್ ರಿಪೇರಿಗೆ ಅಂತಲೇ ಒಂದು ಮೊತ್ತ ಬೇರೆ ಇಡಿ, ಅದನ್ನು ನಡಾವಳಿಯಲ್ಲಿ ಬರೆಯಿರಿ ಅಂತ ಕೇಳಿ. ಒಬ್ಬರೇ ಹೋಗಬೇಡಿ, ನಿಮ್ಮ ಲೈನಿನ ಹತ್ತು ಮನೆಯವರನ್ನು ಕರೆದುಕೊಂಡು ಹೋಗಿ. ಹಸ್ತಾಂತರದ ಕಾಗದವನ್ನೂ ಕೇಳಿ ನೋಡಿ. ಹಸ್ತಾಂತರ ಆಗಿಲ್ಲ ಅಂದರೆ ಒಡೆದ ಪೈಪ್ ಇನ್ನೂ ಗುತ್ತಿಗೆದಾರರ ಜವಾಬ್ದಾರಿ.

ಪ್ರಶ್ನೆ: ಮೇಡಂ, ನಮ್ಮದು ಶರಾವತಿ ಹಿನ್ನೀರಿನ ದಂಡೆ. ಸಿಗಂದೂರಿಗೆ ಹೋಗುವ ಸೇತುವೆ 2025ರ ಜುಲೈನಲ್ಲಿ ಆಯಿತು, ಸಂತೋಷ. ಕಣ್ಣೆದುರು ಸಮುದ್ರದ ಹಾಗೆ ನೀರಿದ್ದರೂ ಬೇಸಿಗೆಯಲ್ಲಿ ಕುಡಿಯಲು ಟ್ಯಾಂಕರ್ ಕಾಯಬೇಕು. ಹಿನ್ನೀರನ್ನೇ ಶುದ್ಧ ಮಾಡಿ ಎಲ್ಲ ಹಳ್ಳಿಗೂ ಕೊಟ್ಟರೆ ಮುಗೀತಲ್ವಾ?
(ಕಾಲೇಜು ವಿದ್ಯಾರ್ಥಿನಿ, ಸಾಗರ ತಾಲ್ಲೂಕು)

ಉತ್ತರ: ತಂಗಿ, ನಿನ್ನ ಸಿಟ್ಟು ನ್ಯಾಯವಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವರ ಮೊಮ್ಮಕ್ಕಳು ನೀವು. ರಾಜ್ಯಕ್ಕೆ ಕರೆಂಟ್ ಕೊಟ್ಟ ಊರಿಗೆ ಕುಡಿಯುವ ನೀರು ಕೊಡುವುದು ಸರ್ಕಾರದ ಸಾಲ ಅಂತಲೇ ನಾನು ತಿಳಿದಿದ್ದೇನೆ.

ಹೀಗೆ ಒಂದೇ ಮೂಲದಿಂದ ಹಲವು ಹಳ್ಳಿಗೆ ನೀರು ಕೊಡುವ ಬಹುಗ್ರಾಮ ಯೋಜನೆ ಬೇಡ ಅನ್ನುವುದಿಲ್ಲ. ಆದರೆ ಎರಡು ವಿಷಯ ಮೊದಲೇ ಕೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಹಿನ್ನೀರು ಎಷ್ಟು ದೂರ ಸರಿಯುತ್ತೆ ಅಂತ ನಿಮಗೇ ಗೊತ್ತು. ನೀರೆತ್ತುವ ಜಾಕ್‌ವೆಲ್ ಮಳೆಗಾಲದ ದಂಡೆಯಲ್ಲಿ ಕಟ್ಟಿದರೆ ಮೇ ತಿಂಗಳಲ್ಲಿ ಅದರ ಮುಂದೆ ಬರೀ ಕೆಸರು. ಜಾಗ ಗುರುತು ಮಾಡುವಾಗ ಊರಿನ ಹಿರಿಯರನ್ನು, ದೋಣಿಯವರನ್ನು ಕೇಳಬೇಕು. ಎರಡನೆಯದು ದುಡ್ಡಿನದೇ. ಕೆರೆ, ಹೊಳೆಯ ನೀರನ್ನು ಶುದ್ಧ ಮಾಡಿ, ಗುಡ್ಡ ಹತ್ತಿಸಿ, ಹಳ್ಳಿ ಹಳ್ಳಿಗೆ ಒಯ್ಯುವ ಖರ್ಚು ವರ್ಷಾ ವರ್ಷ ಇರುತ್ತೆ. ಅದನ್ನು ಎಷ್ಟು ವರ್ಷ ಸರ್ಕಾರ ಭರಿಸುತ್ತೆ, ಪಂಚಾಯಿತಿ ಪಾಲು ಎಷ್ಟು ಅನ್ನುವುದು ಬರವಣಿಗೆಯಲ್ಲಿ ಬರಲಿ. ಈ ಎರಡಕ್ಕೂ ಉತ್ತರ ಸಿಗುವ ಮೊದಲು ಊರಿನ ಬಾವಿ ಹೂಳು ಎತ್ತುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಮಗೆ ಅಜ್ಜನ ಕಾಲದಿಂದ ಅಬ್ಬಿ ನೀರಿದೆ. ಗುಡ್ಡದ ಒರತೆಯಿಂದ ತಾನಾಗೇ ಬರುತ್ತೆ. ಮೊದಲು ಅಡಿಕೆ ದಂಬೆ ಇತ್ತು, ಈಗ ಪೈಪ್. ಮೋಟರ್ ಬೇಡ, ಕರೆಂಟ್ ಬೇಡ. ಈಗ ಪಂಚಾಯಿತಿಯವರು ನಲ್ಲಿ ಹಾಕಿ ತಿಂಗಳು ತಿಂಗಳು ಕರ ಕಟ್ಟಿ ಅಂತಾರೆ. ನಾವು ಯಾಕೆ ಕಟ್ಟಬೇಕು?
(ಕೃಷಿಕ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಅಣ್ಣಾ, ನಿಮ್ಮ ಅಬ್ಬಿ ನೀರನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೇಲೆ ಹೇಳಿದ 670 ಯೂನಿಟ್ ಲೆಕ್ಕ ನೋಡಿದಿರಲ್ಲ, ನಿಮ್ಮದಕ್ಕೆ ಒಂದು ಯೂನಿಟ್ಟೂ ಬೇಡ. ಮಲೆನಾಡಿನಲ್ಲಿ ಎಲ್ಲೆಲ್ಲಿ ಇಳಿಜಾರಿನ ನೀರಿದೆಯೋ ಅಲ್ಲೆಲ್ಲ ಬೋರ್ ಕೊರೆಸುವ ಬದಲು ಆ ನೀರನ್ನೇ ಊರ ಟ್ಯಾಂಕಿಗೆ ಕಟ್ಟಿಕೊಳ್ಳಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯೋಜನೆಯ ಪಟ್ಟಿ ಎಲ್ಲ ಊರಿಗೂ ಒಂದೇ ಥರ ಬರುತ್ತೆ, ಬೋರು, ಟ್ಯಾಂಕು, ಪೈಪು. ಒರತೆಯನ್ನು ನೋಡಲು ಗುಡ್ಡ ಹತ್ತಿದ ಇಂಜಿನಿಯರ್‌ಗಳೂ ಇದ್ದಾರೆ, ಅಂಥವರಿದ್ದ ಕಡೆ ಕೆಲಸ ಚೆನ್ನಾಗಿ ಆಗಿದೆ.

ಆದರೆ ಒರತೆಗೂ ಖರ್ಚಿದೆ. ಒರತೆಯ ಬಾಯಿಗೆ ಕಲ್ಲು ಕಟ್ಟಿ, ಮೇಲೆ ಮುಚ್ಚಳ ಹಾಕಿ ಪೆಟ್ಟಿಗೆ ಮಾಡಬೇಕು. ತರಗೆಲೆ, ಕಪ್ಪೆ, ದನದ ಗೊಬ್ಬರ ಒಳಗೆ ಹೋಗಬಾರದು. ಮೇಲ್ಗಡೆಯಿಂದ ಹರಿದು ಬರುವ ಮಳೆನೀರನ್ನು ಬೇರೆ ಕಡೆ ತಿರುಗಿಸಲು ಒಂದು ಕಾಲುವೆ ತೆಗೆಯಬೇಕು. ಒರತೆಯ ತಲೆಯ ಮೇಲಿನ ಕಾಡು, ಸೊಪ್ಪಿನಬೆಟ್ಟ ಬೋಳಾದರೆ ಫೆಬ್ರುವರಿಗೇ ನೀರು ಸಣ್ಣಗಾಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬಂದರೂ ಸುತ್ತಿನ ಊರುಗಳಲ್ಲಿ ಬೇಸಿಗೆಗೆ ಬಾವಿ ತಳ ಕಾಣುವುದನ್ನು ನೋಡಿದ್ದೇವಲ್ಲ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಮಣ್ಣಲ್ಲಿ ಎಷ್ಟು ನಿಂತಿತು ಅನ್ನುವುದು ಮುಖ್ಯ. ನೀರಿನ ಮೂಲ ಕಾಪಾಡುವ ಇಂಥ ಕೆಲಸವನ್ನು ಪಂಚಾಯಿತಿಯ ನೀರಿನ ಹಣದಲ್ಲೇ ಮಾಡಿಸಬಹುದು, ಕೇಳಿ. ಒರತೆ ಅರಣ್ಯದ ಜಾಗದಲ್ಲಿದ್ದರೆ ಮೊದಲೇ ಅರಣ್ಯ ಇಲಾಖೆಯ ಹತ್ತಿರ ಮಾತಾಡಿಕೊಳ್ಳಿ, ಕಟ್ಟಿದ ಮೇಲೆ ತಕರಾರು ಬೇಡ.

ಕರದ ವಿಷಯ. ನೀರಿನ ಕರ ಹಾಕುವ ಅಧಿಕಾರ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನಿಮಗೆ ನಲ್ಲಿ ಬೇಡವೇ ಬೇಡ ಅಂದರೆ ಬರೆದುಕೊಡಿ. ನಲ್ಲಿ ಇಟ್ಟುಕೊಂಡು, ಅಬ್ಬಿ ಬತ್ತಿದ ಎರಡು ತಿಂಗಳು ಅದನ್ನೇ ತಿರುಗಿಸಿಕೊಂಡು, ಉಳಿದ ಹತ್ತು ತಿಂಗಳು ಕಟ್ಟುವುದಿಲ್ಲ ಅನ್ನುವುದು ಸರಿಯಲ್ಲ. ಆ ಎರಡು ತಿಂಗಳು ನಲ್ಲಿ ಜೀವಂತ ಇರಬೇಕಾದರೆ ಹತ್ತು ತಿಂಗಳೂ ಯಾರೋ ಅದನ್ನು ನೋಡಿಕೊಂಡಿರಬೇಕು. ಕೆಳಗಿನ ಕೇರಿಯಲ್ಲಿ ಅಬ್ಬಿಯೂ ಇಲ್ಲದ, ಬಾವಿಯೂ ಇಲ್ಲದ ಕೂಲಿಯವರ ಮನೆಗಳಿವೆ. ನಿಮ್ಮ ಕರ ಸೇರಿದರೆ ಅವರ ನಲ್ಲಿಯೂ ಓಡುತ್ತೆ.

ಪ್ರಶ್ನೆ: ಅಕ್ಕಾ, ಪಕ್ಕದ ಮನೆಯವರ ಶೌಚಾಲಯದ ಗುಂಡಿ ನಮ್ಮ ಬಾವಿಗೆ ಹದಿನೈದು ಇಪ್ಪತ್ತು ಅಡಿ ದೂರದಲ್ಲಿದೆ. ಮಳೆಗಾಲದಲ್ಲಿ ಆ ಗುಂಡಿ ಬಾಯಿವರೆಗೆ ತುಂಬುತ್ತೆ. ಈ ಸಲ ಮಗನಿಗೆ ವಾಂತಿ ಭೇದಿ ಬಿಡಲೇ ಇಲ್ಲ. ಅವರು ಬಡವರು, ಜಗಳ ಮಾಡಲು ಮನಸ್ಸಿಲ್ಲ. ಏನು ಮಾಡಲಿ?
(ಗೃಹಿಣಿ, ಶಿವಮೊಗ್ಗ ಜಿಲ್ಲೆ)

ಉತ್ತರ: ತಂಗಿ, ಮೊದಲು ಇವತ್ತು ಮಾಡುವ ಕೆಲಸ ಹೇಳುತ್ತೇನೆ. ಕುಡಿಯುವ ನೀರನ್ನು ಕುದಿಸಿ ಆರಿಸಿ ಕೊಡಿ. ಮಗುವಿಗೆ ಓಆರ್‌ಎಸ್ ಕೊಡುತ್ತಾ, ಭೇದಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ. ಸುಮ್ನೆ ಒಂದು ಹಿಡಿ ಸುರಿಯುವುದಲ್ಲ, ಲೆಕ್ಕ ಇದೆ. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಎರಡೂವರೆ ಗ್ರಾಂ. ಬಾವಿಯ ಅಡ್ಡಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ನೀರು. ಅದಕ್ಕೆ 24 ಗ್ರಾಂ ಪುಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಜಿಯಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಆ ಬಕೆಟ್ಟನ್ನು ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಬೇಡಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ಪುಡಿ ಹಳೆಯದಾಗಿ ವಾಸನೆ ಹೋಗಿದ್ದರೆ ಕೆಲಸ ಮಾಡುವುದಿಲ್ಲ. ಇದು ಒಂದು ಸಲ ಹಾಕಿ ಮರೆಯುವ ಮದ್ದಲ್ಲ, ಗುಂಡಿ ಸರಿಯಾಗುವವರೆಗೆ ಮತ್ತೆ ಮತ್ತೆ ಹಾಕುತ್ತಿರಬೇಕು.

ನೀರು ಪರೀಕ್ಷೆ ಮಾಡಿಸಿ. ಜಲಜೀವನದಲ್ಲಿ ಪ್ರತಿ ಹಳ್ಳಿಯಿಂದ ಐದು ಜನ ಹೆಂಗಸರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಊರಲ್ಲಿ ಯಾರು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ಕಿಟ್ಟಿನ ಚಿಕ್ಕ ಬಾಟಲಿಯಲ್ಲಿ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿದೆ ಅಂತ ಅರ್ಥ. ಆ ಕಪ್ಪು ಬಾಟಲಿ ನಿಮ್ಮ ಅರ್ಜಿಗೆ ದೊಡ್ಡ ಸಾಕ್ಷಿ.

ಇನ್ನು ಗುಂಡಿ. ಪಕ್ಕದ ಮನೆಯವರ ಮೇಲೆ ಸಿಟ್ಟಾಗದೇ ಇರುವುದು ನಿಮ್ಮ ದೊಡ್ಡತನ. ತಪ್ಪು ಅವರೊಬ್ಬರದ್ದಲ್ಲ. ಸ್ವಚ್ಛ ಭಾರತ 2014ರ ಅಕ್ಟೋಬರ್ 2ರಂದು ಶುರುವಾದಾಗ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಇಟ್ಟರು. ಬಯಲು ನೆಲದಲ್ಲಿ ಎರಡು ಗುಂಡಿ ತೆಗೆದು ಕಟ್ಟಲು ಒಂದು ಮಟ್ಟಿಗೆ ಸಾಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದೊಳಗೆಲ್ಲ ನೀರು. ಎರಡಡಿ ಅಗೆದರೆ ಒರತೆ. ಜಂಬಿಟ್ಟಿಗೆ ನೆಲವಾದರೆ ತೂತು ತೂತು, ಗುಂಡಿಯ ನೀರು ಬಾವಿಗೆ ಸಲೀಸಾಗಿ ಹೋಗುತ್ತೆ. ಬಾವಿಗೂ ಗುಂಡಿಗೂ ಕನಿಷ್ಠ 10 ಮೀಟರ್, ಅಂದರೆ 33 ಅಡಿ ದೂರ ಬೇಕು. ಜಂಬಿಟ್ಟಿಗೆಯಲ್ಲಿ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು, ಗುಂಡಿ ಬಾವಿಗಿಂತ ತಗ್ಗಿನಲ್ಲಿರಬೇಕು. ಹತ್ತು ಸೆಂಟ್ಸ್ ಜಾಗದ ಮನೆಯಲ್ಲಿ ಅಷ್ಟು ದೂರ ಎಲ್ಲಿಂದ ತರುವುದು? ಮಳೆನಾಡಿಗೆ ಬೇರೆ ನಕ್ಷೆ, ಬೇರೆ ಮೊತ್ತ ಬೇಕಿತ್ತು.

ದಾರಿ ಇದೆ. ಗುಂಡಿಯನ್ನು ನೆಲಕ್ಕಿಂತ ಎತ್ತರಿಸಿ ಕಟ್ಟಿ, ಸುತ್ತ ಮರಳು ತುಂಬಿ, ಹೊರಗೆ ಮಣ್ಣಿನ ದಿಬ್ಬ ಕೊಡಬಹುದು. ಶೌಚಾಲಯದ ಕೋಣೆಯನ್ನೂ ಎರಡು ಮೆಟ್ಟಿಲು ಎತ್ತರಿಸಬೇಕಾಗುತ್ತೆ. ಎರಡು ಗುಂಡಿ ಇರಲಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ಒಣಗಿ ಗೊಬ್ಬರ ಆಗುತ್ತೆ. ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿ ನಮ್ಮ ತೋಟದ ದಾರಿಯಲ್ಲಿ ಬರುವುದೂ ಇಲ್ಲ. ಹಸಿ ಗುಂಡಿಗೆ ಮಾತ್ರ ಯಾರನ್ನೂ ಇಳಿಸಬೇಡಿ. ಅದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಜೀವ ಹೋಗುತ್ತೆ.

ಅರ್ಜಿಯನ್ನು ನಿಮ್ಮ ಮನೆಯವರು, ಪಕ್ಕದ ಮನೆಯವರು ಇಬ್ಬರೂ ಸೇರಿ ಕೊಡಿ. ಟೈಡ್ ಹಣ ನೈರ್ಮಲ್ಯಕ್ಕೂ ಇರುವುದು. ಕುಡಿಯುವ ನೀರಿನ ಬಾವಿ ಕೆಡುತ್ತಿರುವ ಗುಂಡಿಗಳ ಪಟ್ಟಿ ಮಾಡಿ ಕ್ರಿಯಾಯೋಜನೆಗೆ ಸೇರಿಸಿ ಅಂತ ಬರೆಯಿರಿ. ನಿಮ್ಮದೊಂದೇ ಬಾವಿ ಆಗಿರುವುದಿಲ್ಲ.

ಪ್ರಶ್ನೆ: ಬಚ್ಚಲು ನೀರು ರಸ್ತೆಗೆ ಹೋಗುತ್ತೆ ಅಂತ ನೋಟಿಸ್ ಬಂದಿದೆ. ಏನು ಮಾಡಬೇಕು?
(ಸೊರಬ ತಾಲ್ಲೂಕು)

ಉತ್ತರ: ಹಿತ್ತಲಲ್ಲಿ ಜಾಗ ಇದ್ದರೆ ಬಾಳೆ ಬುಡಕ್ಕೋ ಕೆಸುವಿನ ಪಾತಿಗೋ ಬಿಡಿ. ಜಾಗ ಇಲ್ಲದಿದ್ದರೆ ಉದ್ಯೋಗ ಖಾತ್ರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಳ್ಳಬಹುದೇ ಅಂತ ಪಂಚಾಯಿತಿಯಲ್ಲಿ ಕೇಳಿ. ಗುಂಡಿಗೆ ಮೊದಲು ಒಂದು ಚಿಕ್ಕ ಜಾಲರಿ ಇಡಿ. ಅನ್ನದ ಅಗುಳು, ಕೂದಲು ಅಲ್ಲೇ ನಿಂತರೆ ಗುಂಡಿ ಬಹಳ ವರ್ಷ ಬಾಳುತ್ತೆ.

ಪ್ರಶ್ನೆ: ನಾನು ಪಂಚಾಯಿತಿ ಸದಸ್ಯೆ. ಐದು ವರ್ಷ ಮುಗಿಯುತ್ತಾ ಬಂತು. ಸಭೆಯಲ್ಲಿ ಟೈಡ್, ಅನ್‌ಟೈಡ್, ವರ್ಗ 1 ಅಂತ ಓದುತ್ತಾರೆ, ಕೈ ಎತ್ತಿ ಅಂತಾರೆ. ಕೇಳಲು ಹೋದರೆ ‘ನಿಮಗೆ ಅರ್ಥ ಆಗಲ್ಲ ಬಿಡಿ ಅಮ್ಮ’ ಅಂತಾರೆ. ಮುಗಿಯುವುದರೊಳಗೆ ಒಂದು ಸಲವಾದರೂ ಲೆಕ್ಕ ಕೇಳಬೇಕು.
(ಹೆಸರು ಬೇಡ, ಶಿಕಾರಿಪುರ ತಾಲ್ಲೂಕು)

ಉತ್ತರ: ಖಂಡಿತ ಕೇಳಿ. ಅರ್ಥವಾಗುವ ಹಾಗೆ ಹೇಳುವುದು ಅವರ ಕೆಲಸ. ನೀವು ಆ ಕುರ್ಚಿಯಲ್ಲಿ ಕೂತಿರುವುದು ಯಾರ ದಯೆಯಿಂದಲೂ ಅಲ್ಲ. ನಮ್ಮ ರಾಜ್ಯದಲ್ಲಿ 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದವು. ಹಳ್ಳಿ ಹಳ್ಳಿಗೆ ಕುಡಿಯುವ ನೀರಿನ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅದರ ಹಿಂದೆ ಇದ್ದವರು. ಹಳ್ಳಿಯ ನೀರು, ಹಳ್ಳಿಯ ಅಧಿಕಾರ ಎರಡನ್ನೂ ಅವರು ಒಟ್ಟಿಗೇ ನೋಡಿದರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು. ಪಂಚಾಯಿತಿಗಳಿಗೆ ಸೇರಬೇಕಾದ 29 ವಿಷಯಗಳ ಪಟ್ಟಿಯಲ್ಲಿ ಕುಡಿಯುವ ನೀರೂ ಇದೆ, ನೈರ್ಮಲ್ಯವೂ ಇದೆ.

ವರ್ಗ 1 ಅಂದರೆ ಪಂಚಾಯಿತಿಯ ಸ್ವಂತ ಹಣ, ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ ಇತ್ಯಾದಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಹತ್ತಿರ ಆ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಆಯೋಗದ ಹಣದ ಲೆಕ್ಕವನ್ನು ಮೊಬೈಲಿನಲ್ಲೇ ನೋಡಬಹುದು. ಇ-ಗ್ರಾಮ್ ಸ್ವರಾಜ್ ಅಂತ ಜಾಲತಾಣವಿದೆ. ನಿಮ್ಮ ಪಂಚಾಯಿತಿ ಹೆಸರು ಆರಿಸಿದರೆ ಯಾವ ಕೆಲಸ ಯೋಜನೆಯಲ್ಲಿತ್ತು, ಎಷ್ಟು ಖರ್ಚಾಯಿತು ಅಂತ ಬರುತ್ತೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಪಕ್ಕ ಕೂರಿಸಿಕೊಂಡು ನೋಡಿ. ನಾನು ಹಾಗೇ ಕಲಿತದ್ದು.

ಮೂರು ಪ್ರಶ್ನೆ ಸಾಕು. ನೀರಿನ ಟೈಡ್ ಹಣದಲ್ಲಿ ಹೊಸ ಕೆಲಸಕ್ಕೆ ಎಷ್ಟು, ರಿಪೇರಿಗೆ ಎಷ್ಟು ಹೋಯಿತು? ನೀರಿನ ಕರ ಬರಬೇಕಾದ್ದು ಎಷ್ಟು, ಬಂದದ್ದು ಎಷ್ಟು? ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಕೊನೆಯ ಸಲ ಯಾವಾಗ ಸೇರಿತು? ಆ ಸಮಿತಿಯಲ್ಲಿ ಅರ್ಧ ಜನ ಹೆಂಗಸರಿರಬೇಕು ಅಂತ ನಿಯಮ. ಹೆಸರು ಓದಿಸಿ. ತನ್ನ ಹೆಸರು ಸಮಿತಿಯಲ್ಲಿದೆ ಅಂತ ಅವತ್ತೇ ಗೊತ್ತಾಗುವ ಹೆಂಗಸರೂ ಇರುತ್ತಾರೆ.

ಜಮಾಬಂದಿಗೂ ಜನರನ್ನು ಕರೆತನ್ನಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಇಡಬೇಕು. ಬಹಳ ಕಡೆ ಅದು ಹತ್ತು ಜನರ ಸಹಿಯಲ್ಲಿ ಮುಗಿದುಹೋಗುತ್ತೆ. ಮುಂದಿನ ಸಲ ನೀವು ಸದಸ್ಯೆ ಆಗಿರಲಿ, ಬಿಡಲಿ, ಊರಿನವರಾಗಿ ಕೇಳುವ ಹಕ್ಕು ಇದ್ದೇ ಇರುತ್ತೆ.

ಇನ್ನೊಂದು ಮಾತು. ಚುನಾಯಿತ ಸಂಸ್ಥೆ ಇಲ್ಲದ ಕಡೆಗೆ ಆಯೋಗದ ಹಣ ಬರುವುದಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ಇಲ್ಲದೆ ವರ್ಷಗಟ್ಟಲೆ ಖಾಲಿ ಕೂತವು. ಗ್ರಾಮ ಪಂಚಾಯಿತಿಗಳಿಗೂ ಅದೇ ಗತಿ ಬರಬಾರದು. ಸಮಯಕ್ಕೆ ಚುನಾವಣೆ ಮಾಡಿ ಅಂತ ನೀವು ಸದಸ್ಯರೇ ಒತ್ತಾಯಿಸಬೇಕು.

ಪ್ರಶ್ನೆ: ನನ್ನ ಗಂಡ ಪಂಚಾಯಿತಿಯಲ್ಲಿ ನೀರುಗಂಟಿ. ಬೆಳಿಗ್ಗೆ ಐದಕ್ಕೆ ಹೋದರೆ ವಾಲ್ ಬಿಟ್ಟು, ಟ್ಯಾಂಕ್ ತುಂಬಿಸಿ ಬರುವಾಗ ಮಧ್ಯಾಹ್ನ. ಮಳೆಗಾಲದಲ್ಲಿ ಕಾಲಿಗೆ ಇಂಬಳ, ಹಳ್ಳ ದಾಟಬೇಕು. ನೀರು ತಡವಾದರೆ ಊರವರೆಲ್ಲ ಇವರಿಗೇ ಬಯ್ಯುತ್ತಾರೆ. ಸಂಬಳ ತಿಂಗಳುಗಟ್ಟಲೆ ಬಾಕಿ. ಕೇಳಿದರೆ ‘ವಸೂಲಿ ಆಗಿಲ್ಲ’ ಅಂತಾರೆ. ಯಾರನ್ನು ಕೇಳಬೇಕು?
(ಶಿವಮೊಗ್ಗ ಜಿಲ್ಲೆ)

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಓದಿದೆ. ಕೊನೆಯಲ್ಲಿ ಇಟ್ಟದ್ದು, ಮೇಲಿನ ಲೆಕ್ಕವೆಲ್ಲ ಓದಿದವರು ಇದನ್ನೂ ಓದಲಿ ಅಂತ. ಊರಿಗೆ ನೀರು ಬರುವುದು ಯೋಜನೆಯ ಬೋರ್ಡಿನಿಂದಲ್ಲ, ನಿಮ್ಮ ಮನೆಯವರಿಂದ.

ಹಣಕಾಸು ಆಯೋಗದ ಅನ್‌ಟೈಡ್ ಹಣವನ್ನು ಸಂಬಳಕ್ಕೆ ಬಳಸುವ ಹಾಗಿಲ್ಲ ಅಂತ ನಿಯಮ ಇದೆ. ಹಾಗಾಗಿ ನೌಕರರ ಸಂಬಳ ರಾಜ್ಯ ಸರ್ಕಾರದ ಅನುದಾನದಿಂದ ಮತ್ತು ಪಂಚಾಯಿತಿಯ ಸ್ವಂತ ವಸೂಲಿಯಿಂದ ಬರಬೇಕು. ವಸೂಲಿ ಆಗಿಲ್ಲ ಅನ್ನುವುದು ನಿಜವಿದ್ದರೂ ಅದು ದುಡಿದವರ ತಪ್ಪಲ್ಲ. ಕರ ಬಾಕಿ ಇಟ್ಟವರ ಪಟ್ಟಿಯಲ್ಲಿ ದೊಡ್ಡ ಮನೆಗಳೂ ಇರುತ್ತವೆ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಬೇಕು. ನಾನು ಅಧ್ಯಕ್ಷೆ ಆಗಿದ್ದಾಗ ಓದಿಸಿದ್ದೆ. ಕೆಲವರು ಮುಖ ತಿರುಗಿಸಿದರು, ಆದರೆ ದುಡ್ಡು ಬಂತು.

ನೀವು ಮಾಡಬೇಕಾದ್ದು. ನಿಮ್ಮ ಯಜಮಾನರ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಅನುಮೋದನೆ ಸಿಕ್ಕಿದೆಯೇ ಅಂತ ಮೊದಲು ತಿಳಿದುಕೊಳ್ಳಿ. ಅನುಮೋದನೆ ಇದ್ದರೆ ಸರ್ಕಾರದ ಪಾಲಿನ ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಬರಬೇಕು. ಇಲ್ಲದಿದ್ದರೆ ಅದನ್ನೇ ಮೊದಲು ಕೇಳಬೇಕು. ಹಾಜರಾತಿ ಪುಸ್ತಕದಲ್ಲಿ ದಿನಾ ಸಹಿ ಇರಲಿ, ತಿಂಗಳ ಕೊನೆಗೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟು ತಿಂಗಳು, ಎಷ್ಟು ರೂಪಾಯಿ ಬಾಕಿ ಅಂತ ಬರೆದು ಪಿಡಿಒ ಅವರಿಗೆ ಅರ್ಜಿ ಕೊಡಿ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಅರ್ಜಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಒಂದು ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೆ ಕೊಡಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿದ್ದರೆ ಕಾರ್ಮಿಕ ಇಲಾಖೆಗೂ ಬರೆಯಬಹುದು. ಪಕ್ಕದ ಪಂಚಾಯಿತಿಗಳ ನೀರುಗಂಟಿಗಳನ್ನೂ ಮಾತಾಡಿಸಿ, ಸೇರಿ ಹೋದರೆ ಬಲ ಜಾಸ್ತಿ. ಕೊಟ್ಟ ಪ್ರತಿ ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಹೊರಡಿ.